ಮುತ್ತಜ್ಜನ ಉಯಿಲು, ದೊಡ್ಡಪ್ಪನ ಕಲ್ಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಈ ಅಲೆದಾಟಕ್ಕೆಲ್ಲ ಕಾರಣ ನನ್ನ ಬಾಯಿ. ಎಂದೂ ನೋಡದ ಉಯಿಲೊಂದನ್ನು, ಎಂದೂ ಕೇಳದ ಮುತ್ತಜ್ಜನ ದನಿಯಲ್ಲಿ, ಛತ್ರದ ತುಂಬ ಕೂತಿದ್ದ ನೆಂಟರ ಮುಂದೆ ಆಡಿ ತೋರಿಸಿದೆ. ಅದು ನಗೆಚಾಟಿಕೆ ಎಂದು ಎಲ್ಲರಿಗೂ ಗೊತ್ತಿತ್ತು. ಒಬ್ಬ ಮುದುಕಿ ಮಾತ್ರ ನಗದೆ ಎದ್ದು ಬಂದು ‘ಎಲ್ಲಿ ನೋಡ್ದೆ?’ ಎಂದು ಕೇಳಿದಾಗ, ‘ಸುಳ್ಳು ಅಜ್ಜಿ’ ಎನ್ನಲು ಬೇಕಿದ್ದಷ್ಟು ಗಂಡಸುತನ ನನ್ನಲ್ಲಿರಲಿಲ್ಲ.

ನಮ್ಮ ಮನೆತನದಲ್ಲಿ ಮದುವೆ, ನಾಮಕರಣ, ತಿಥಿ ಯಾವುದೇ ಇರಲಿ, ಊಟ ಮುಗಿದ ಕೂಡಲೇ ‘ಏ, ಅವನ್ನ ಕರೀರಿ’ ಅನ್ನುತ್ತಾರೆ. ಅವನು ಅಂದರೆ ನಾನು. ಬೀಡಾ ಹಂಚುವುದಕ್ಕೂ ನನ್ನನ್ನು ನಿಲ್ಲಿಸುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಎರಡೂ ಅಜೀರ್ಣಕ್ಕೆ. ನಾನು ನೆಂಟರ ದನಿ ತೆಗೆಯುತ್ತೇನೆ. ಚಿಕ್ಕಮ್ಮ ಸೀರೆಯ ಬೆಲೆ ಕೇಳುವ ದನಿ, ಮಾವ ಸಾಲ ಕೇಳುವ ದನಿ, ಅದೇ ಮಾವ ಸಾಲ ವಾಪಸು ಕೇಳಿದಾಗ ಕೆಮ್ಮುವ ದನಿ. ಎಲ್ಲರೂ ನಗುತ್ತಾರೆ. ತಮ್ಮ ದನಿ ಬಂದಾಗ ಮಾತ್ರ ‘ಇದು ಯಾರ್ದಪ್ಪಾ?’ ಅನ್ನುತ್ತಾರೆ.

ಅವರಲ್ಲೆಲ್ಲ ಸುಲಭದ ದನಿ ನನ್ನ ದೊಡ್ಡಪ್ಪನದು. ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ. ಅವರ ಮಂಡಿಯಲ್ಲಿ ಲೆಕ್ಕ ಬರೆಯುವವನೂ ನಾನೇ. ಅವರು ಯಾವ ಮಾತನ್ನೂ ‘ಅದು ಹಂಗಲ್ಲ’ ಅನ್ನದೆ ಶುರು ಮಾಡುವುದಿಲ್ಲ. ಒಪ್ಪುವಾಗಲೂ ‘ಅದು ಹಂಗಲ್ಲ, ನೀನು ಹೇಳಿದ್ದೇ ಸರಿ’ ಅನ್ನುತ್ತಾರೆ. ಆ ವರ್ಷ ಅವರು ಹೊಸ ಮನೆ ಕಟ್ಟಿಸುತ್ತಿದ್ದರು. ಮನೆ ಅಂದಮೇಲೆ ನಡುಮನೆ ಬೇಕು, ನಡುಮನೆಗೆ ಗೋಡೆ ಬೇಕು, ಗೋಡೆಗೆ ಅವರ ಪ್ರಕಾರ ಒಂದು ವಂಶ ಬೇಕಿತ್ತು. ಕಪ್ಪು ಗ್ರಾನೈಟ್ ಕಲ್ಲಿನ ಮೇಲೆ ಬಂಗಾರದ ಬಣ್ಣದ ಅಕ್ಷರಗಳಲ್ಲಿ ಮುತ್ತಜ್ಜನಿಂದ ಹಿಡಿದು ಮೊಮ್ಮಕ್ಕಳವರೆಗೆ ವಂಶವೃಕ್ಷ ಕೆತ್ತಿಸುತ್ತೇನೆಂದು ಮಂಡಿಗೆ ಬಂದ ರೈತರಿಗೆಲ್ಲ ಹೇಳಿದ್ದರು. ಅಡಿಕೆ ತೂಗಲು ಬಂದವರು ನಮ್ಮ ಮುತ್ತಜ್ಜನ ಪಾಂಡಿತ್ಯ ಕೇಳಿ ಹೋಗುತ್ತಿದ್ದರು. ದೊಡ್ಡಪ್ಪನ ಪ್ರಕಾರ ಸೂಳೆಕೆರೆ ಏರಿಯ ಕೆಳಗೆ ಗದ್ದೆ ಮಾಡಿಕೊಂಡಿದ್ದ ಆ ಮನುಷ್ಯನಿಗೆ ಸಂಸ್ಕೃತ, ಪಾರ್ಸಿ, ಮರಾಠಿ ಎಲ್ಲ ಬರುತ್ತಿತ್ತು. ಯಾರ ಜೊತೆ ಮಾತಾಡುತ್ತಿದ್ದನೋ, ಕೆರೆಯ ಮೀನಿನ ಜೊತೆಗಿರಬೇಕು.

ಅಣ್ಣನ ನಿಶ್ಚಿತಾರ್ಥದ ದಿನ ಈ ಕಲ್ಲಿನ ಪುರಾಣ ಊಟದ ಪಂಕ್ತಿಯಲ್ಲೂ ನಡೆಯಿತು. ನನಗೆ ಅದಕ್ಕಿಂತ ಒಳ್ಳೆಯ ಸರಕು ಬೇಕೆ? ತಲೆಗೆ ಟವಲು ಸುತ್ತಿ, ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಮುತ್ತಜ್ಜ ಸಾಯುವ ಮುಂಚೆ ಉಯಿಲು ಬರೆಸುತ್ತಿರುವಂತೆ ಶುರುಮಾಡಿದೆ.

‘ಬರ್ಕಳಯ್ಯಾ! ಹಿರೇ ಹೆಂಡ್ತಿ ಮಗನಿಗೆ ಗದ್ದೆ, ಕಣ, ಜೋಡೆತ್ತು. ಇನ್ನು ಆ ಕೂಡಿಕೆಯವಳಿಗೆ... ಏನು ಕೊಡಾನ? ಹಾಂ, ಗದ್ದೆಯಾಗಿರೋ ಬೆದರುಬೊಂಬೆ ಬರ್ಕ. ಅದಕ್ಕೆ ಉಡ್ಸಿರೋ ಸೀರೆ ಸಮೇತ!’

ಛತ್ರ ಹಾರಿಹೋಗುವಂತೆ ನಕ್ಕರು. ನಗಲು ಕಾರಣವಿತ್ತು. ಗಂಡ ಸತ್ತ ಹೆಣ್ಣನ್ನು ಇನ್ನೊಬ್ಬ ಮನೆ ತುಂಬಿಸಿಕೊಳ್ಳುವುದಕ್ಕೆ ನಮ್ಮ ಕಡೆ ಕೂಡಿಕೆ ಅನ್ನುತ್ತಾರೆ. ಹಂದರವಿಲ್ಲ, ವಾಲಗವಿಲ್ಲ. ಊರ ಹೊರಗಿನ ಕಟ್ಟೆಯ ಹತ್ತಿರ ಹೊಸ ಸೀರೆ ಉಡಿಸಿ ಕರೆತಂದರೆ ಮುಗಿಯಿತು. ಮುಂದೆ ಆಕೆ ಆ ಮನೆಯ ರೊಟ್ಟಿ ತಟ್ಟಬಹುದು, ಸಗಣಿ ಬಾಚಬಹುದು, ಮಕ್ಕಳ ಹೇಲು ಬಳಿಯಬಹುದು, ಮದುವೆಯಲ್ಲಿ ಆರತಿ ತಟ್ಟೆ ಮಾತ್ರ ಮುಟ್ಟುವಂತಿಲ್ಲ. ನಮ್ಮ ಮುತ್ತಜ್ಜನಿಗೆ ಇಬ್ಬರು ಹೆಂಡಂದಿರು. ಮೊದಲನೆಯವಳ ಮಗ ನನ್ನ ಅಜ್ಜ, ಅಂದರೆ ದೊಡ್ಡಪ್ಪನ ಅಪ್ಪ. ಅವಳು ಬೇಗ ತೀರಿಕೊಂಡ ಮೇಲೆ ಬಂದವಳು ಎರಡನೆಯವಳು. ಆಕೆಯನ್ನು ನಮ್ಮ ಮನೆಯಲ್ಲಿ ಹೆಸರಿನಿಂದ ಕರೆದದ್ದು ನಾನು ಕೇಳಿಯೇ ಇಲ್ಲ. ‘ಆ ಕೂಡಿಕೆಯವಳು’, ಅಷ್ಟೆ.

ಎದ್ದು ಬಂದ ಮುದುಕಿ ಆ ಕೂಡಿಕೆಯವಳ ಒಬ್ಬಳೇ ಮಗಳು. ಜಗಳೂರಿಗೆ ಕೊಟ್ಟಿದ್ದು. ನನಗೆ ಅಜ್ಜಿ, ದೊಡ್ಡಪ್ಪನಿಗೆ ಸೋದರತ್ತೆ. ಎಂಬತ್ತು ದಾಟಿದರೂ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು.

‘ಮಗಾ, ಆ ಕಾಗದ ಎಲ್ಲಿ ನೋಡ್ದೆ?’

ಹಿಂದಿನ ದಿನ ಗೆಳೆಯನ ಸೈಟಿನ ರಿಜಿಸ್ಟ್ರಿಗೆ ಸಾಕ್ಷಿ ಹಾಕಲು ಹೊನ್ನಾಳಿಗೆ ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬಂದಿದ್ದೆ. ಬಾಯಲ್ಲಿ ಅದರ ಖಾರ ಇನ್ನೂ ಇತ್ತು. ‘ಹೊನ್ನಾಳಿ ಸಬ್ ರಿಜಿಸ್ಟ್ರಾರ್ ಆಫೀಸಿನಾಗೆ ಅಜ್ಜಿ. ಹಳೇ ಪುಸ್ತಕದಾಗೆ ಐತೆ’ ಅಂದೆ.

‘ನಮ್ಮವ್ವನ ಹೆಸ್ರು ಐತಾ ಅದ್ರಾಗೆ?’

‘ಐತೆ ಅಜ್ಜಿ.’

ಆಕೆ ದೊಡ್ಡಪ್ಪನ ಕಡೆ ತಿರುಗಿದಳು. ‘ಕೇಳಿಸ್ಕಂಡ್ಯೇನಪ್ಪಾ? ಸರ್ಕಾರದ ಪುಸ್ತಕದಾಗೆ ನಮ್ಮವ್ವ ಅದಾಳಂತೆ. ನಿನ್ ಕಲ್ಲಿನ ಮ್ಯಾಲೆ ಯಾಕಿಲ್ಲ?’

‘ಅದು ಹಂಗಲ್ಲ ಅತ್ತೆ. ಹಂದರದಾಗೆ ಧಾರೆ ಎರೆದ ಹೆಂಡ್ತಿ ಹೆಸ್ರು ಮಾತ್ರ ಕೆತ್ಸೋದು. ಅದು ರೂಲ್ಸು.’

‘ಯಾರ್ದು ರೂಲ್ಸು?’

‘ವಂಶದ್ದು. ಕೂಡಿಕೆಯವ್ರನ್ನೆಲ್ಲ ಬರೆಸ್ತಾ ಹೋದ್ರೆ ಬಂದ ಬೀಗರು ಏನಂತಾರೆ?’ ಎಂದವರು ನನ್ನ ಕಡೆ ನೋಡಿ ಕಣ್ಣು ಕಿರಿದು ಮಾಡಿದರು. ‘ಉಯಿಲು ಐತೆ ಅಂತಾನಲ್ಲ ಇವ್ನು, ನಕಲು ತರ್ಲಿ. ನಮ್ಮಜ್ಜನೇ ಅವಳನ್ನ ಹೆಂಡ್ತಿ ಅಂತ ಬರೆಸಿದ್ರೆ ಕೆತ್ತಿಸ್ತೀನಿ. ಎಲ್ರ ಮುಂದೆ ಹೇಳ್ತಿದೀನಿ.’

ನನ್ನ ಸುಳ್ಳಿನ ಮೇಲೆ ದೊಡ್ಡಪ್ಪನಿಗೆ ಅಷ್ಟು ಭರವಸೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಕರೆದಳು. ‘ನಾನು ಹೋದ ಮ್ಯಾಲೆ ನಮ್ಮವ್ವ ಅಂಬೋಳು ಒಬ್ಳು ಇದ್ಲು ಅನ್ನಾಕೆ ಯಾರೂ ಇರಲ್ಲ. ಕಲ್ಲಾದ್ರೆ ಹೇಳ್ತೈತೆ. ತಂದುಕೊಡು ಮಗಾ.’ ಆಗಲಾದರೂ ನಿಜ ಹೇಳಬಹುದಿತ್ತು. ಜನ ಇನ್ನೂ ನನ್ನನ್ನು ನೋಡಿ ನಗುತ್ತಿದ್ದರು, ನನಗೆ ಅದು ಬೇಕಿತ್ತು.

ಹೀಗೆ ನಾನು ವಂಶದ ಇತಿಹಾಸ ಸಂಶೋಧಕನಾದೆ.

ಹೊನ್ನಾಳಿಯ ಕಚೇರಿಯಲ್ಲಿ ಗುಮಾಸ್ತರು ಕೇಳಿದ ಮೊದಲ ಪ್ರಶ್ನೆ: ‘ಬರೆಸಿದವ್ರು ತೀರಿಕೊಂಡಿದಾರಾ?’

‘ಸಾರ್, ಅವ್ರು ನನ್ನ ಮುತ್ತಜ್ಜ.’

‘ಅದು ಸಂಬಂಧ ಆಯ್ತು. ತೀರಿಕೊಂಡಿದ್ದಕ್ಕೆ ದಾಖಲೆ?’

ಅವರ ತಪ್ಪೇನಿಲ್ಲ. ಉಯಿಲು ಬರೆಸಿದವನು ಬದುಕಿರುವವರೆಗೆ ಅದರ ನಕಲು ಬೇರೆಯವರಿಗೆ ಕೊಡುವಂತಿಲ್ಲ, ಕಾನೂನು. ನಮ್ಮ ಮುತ್ತಜ್ಜ ಈಗಲೂ ಬದುಕಿದ್ದರೆ ಊರವರು ಗುಡಿ ಕಟ್ಟಿ ಕರ್ಪೂರ ಹಚ್ಚುತ್ತಿದ್ದರು. ಆದರೂ ಸತ್ತಿದ್ದಾನೆಂದು ತೋರಿಸಬೇಕಿತ್ತು. ಅವನು ಸತ್ತ ಮೇಲೆ ಗದ್ದೆ ಅಜ್ಜನ ಹೆಸರಿಗೆ ಬಂದ ಹಳೆಯ ಕಾಗದವೊಂದನ್ನು ತಾಲ್ಲೂಕು ಕಚೇರಿಯಿಂದ ತಂದು ತೋರಿಸಿದೆ. ಮುತ್ತಜ್ಜ ಅಧಿಕೃತವಾಗಿ ಸತ್ತ.

ಕಾಯುವ ಬೆಂಚಿನ ಮೇಲೆ ನನ್ನಂಥ ಸಂಶೋಧಕರು ಇನ್ನೂ ಇದ್ದರು. ಎಲ್ಲರ ಬಾಯಲ್ಲೂ ತಾತ, ಮುತ್ತಾತ. ಕೇಳಿಸಿಕೊಂಡರೆ ಎಂಥ ಪಿತೃಭಕ್ತಿ ಅನ್ನಬೇಕು. ಒಬ್ಬನಿಗೂ ತಾತ ಬೇಕಿರಲಿಲ್ಲ, ತಾತ ಬಿಟ್ಟುಹೋದ ಸರ್ವೆ ನಂಬರು ಬೇಕಿತ್ತು. ನನ್ನ ಪಕ್ಕ ಕೂತಿದ್ದವರೊಬ್ಬರು ತಮ್ಮ ತಾತನ ಗುಣಗಾನ ಮಾಡುತ್ತಿದ್ದವರು, ಪುಟ ತೆರೆದು ಚಿಕ್ಕಪ್ಪನಿಗೆ ಹೆಚ್ಚು ಬರೆದದ್ದು ಕಂಡ ಕೂಡಲೇ ‘ಮುದಿಯ, ಕುಡುದು ಬರೆಸಿರಬೇಕು’ ಎಂದು ಎದ್ದು ಹೋದರು. ನಾನು ಅವರಿಗಿಂತ ಮೇಲೇನೂ ಅಲ್ಲ. ಇಲ್ಲದ ಕಾಗದವನ್ನು ಇದೆ ಎಂದು ಹುಡುಕುತ್ತಿದ್ದವನು ಆ ಬೆಂಚಿನಲ್ಲಿ ನಾನೊಬ್ಬನೇ. ಉಯಿಲುಗಳ ಸೂಚಿಯಲ್ಲಿ ಬರೆಸಿದವರ ಹೆಸರು, ಊರು ಅಕ್ಷರದ ಪ್ರಕಾರ ಇರುತ್ತದೆ. ನಮ್ಮ ಮುತ್ತಜ್ಜ ಅಲ್ಲಿರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ.

ಅಷ್ಟರಲ್ಲಿ ದೊಡ್ಡಪ್ಪನ ಫೋನು. ‘ಅದು ಹಂಗಲ್ಲ, ಹೊನ್ನಾಳಿಗೆ ಹೋದೋನು ಹಂಗೇ ನ್ಯಾಮತಿಗೂ ಹೋಗಿ ಕಲ್ಲಿನ ಡಿಸೈನ್ ನೋಡ್ಕಂಡು ಬಾ.’

ನ್ಯಾಮತಿಯಲ್ಲಿ ಜೆರಾಕ್ಸ್ ಮತ್ತು ಫ್ಲೆಕ್ಸ್ ಅಂಗಡಿ ಇಟ್ಟುಕೊಂಡವನೊಬ್ಬ ವಂಶವೃಕ್ಷ ತಜ್ಞನೂ ಆಗಿದ್ದ. ಸೂರಗೊಂಡನಕೊಪ್ಪಕ್ಕೆ ಭಕ್ತರು ಬರುವ ದಿನಗಳಲ್ಲಿ ಸ್ವಾಗತ ಕೋರುವ ಫ್ಲೆಕ್ಸ್ ಹಾಕುತ್ತಿದ್ದ, ಉಳಿದ ದಿನಗಳಲ್ಲಿ ಪೂರ್ವಜರನ್ನು ಹಾಕುತ್ತಿದ್ದ. ಕಂಪ್ಯೂಟರಿನಲ್ಲಿ ನಮ್ಮ ವಂಶ ತೋರಿಸಿದ. ಮೇಲುಗಡೆ ಪೇಟ ಸುತ್ತಿದ, ಹುರಿಮೀಸೆಯ, ಕಡುಕೋಪದ ಮುಖ. ಕೆಳಗೆ ‘ಪಾಳೇಗಾರ ವಂಶಸ್ಥರು, ಬಹುಭಾಷಾ ವಿದ್ವಾಂಸರು’.

‘ಇದು ಯಾರ ಮುಖ?’ ಅಂದೆ.

‘ಯಾರ್ದೋ. ಹೋದ ತಿಂಗ್ಳು ಸವಳಂಗದೋರಿಗೂ ಇದ್ನೇ ಹಾಕಿದ್ದೆ, ಒಪ್ಕಂಡ್ರು.’

‘ನಾವು ಪಾಳೇಗಾರರು ಅಂತ ಯಾರು ಹೇಳಿದ್ರು?’

‘ಅಲ್ರೀ, ಇಷ್ಟು ದೊಡ್ಡ ಕಲ್ಲು ಕೆತ್ತಿಸೋರು ಕೂಲಿಗೆ ಹೋಗ್ತಿದ್ರು ಅಂತ ಬರೆಯಾಕೆ ಆಗ್ತೈತಾ? ಅಂಚಿಗೆ ಆನೆ ಹಾಕ್ಲಾ, ಕುದುರೆ ಹಾಕ್ಲಾ?’

‘ಹೆಂಗಸರು ಎಲ್ಲೂ ಕಾಣಲ್ಲ?’

‘ಒಬ್ರನ್ನ ಹಾಕೀವಲ್ಲ, ಹಿರೇ ಹೆಂಡ್ತಿ, ಮೂಲೆಯಾಗೆ. ಜಾಸ್ತಿ ಹೆಂಗಸರನ್ನ ಹಾಕಿದ್ರೆ ಡಿಸೈನ್ ಕೆಡ್ತೈತೆ.’

ಆನೆಗೆ ಜಾಗವಿತ್ತು. ಆನೆಯನ್ನು ನಮ್ಮ ವಂಶದಲ್ಲಿ ಯಾರೂ ಕಂಡಿಲ್ಲ, ಭಿಕ್ಷೆಗೆ ಬಂದದ್ದನ್ನು ಬಿಟ್ಟರೆ. ಆ ಅಂಗಡಿಯಿಂದ ಹೊರಗೆ ಬರುವಾಗ ಮೊದಲ ಬಾರಿಗೆ ನನಗೆ ಆ ಉಯಿಲು ನಿಜವಾಗಿಯೂ ಇರಬಾರದೇ ಅನ್ನಿಸಿತು. ಅಜ್ಜಿಯ ಮೇಲಿನ ಕರುಣೆಗಿಂತ ಹೆಚ್ಚಾಗಿ, ಆ ಹುರಿಮೀಸೆಯ ಮುಖವನ್ನು ಮುತ್ತಜ್ಜ ಎಂದು ಕರೆಯಬೇಕಲ್ಲ ಎಂಬ ಹೇಸಿಗೆಯಿಂದ.

ಮುತ್ತಜ್ಜನ ಊರು ಚನ್ನಗಿರಿ ತಾಲ್ಲೂಕು. ಹಾಗಾಗಿ ಬುದ್ಧಿ ಇದ್ದವನು ಮೊದಲು ಹುಡುಕಬೇಕಾದದ್ದು ಚನ್ನಗಿರಿಯಲ್ಲೇ. ನಾನು ಕೊನೆಗೆ ಅಲ್ಲಿಗೆ ಹೋಗಿ ಸೂಚಿ ನೋಡಲು ಅರ್ಜಿ ಕೊಟ್ಟೆ. ಹೊರಗೆ ಬಂದು ಟೀ ಕುಡಿದು ಮಂಡಿಗೆ ನಡೆದುಹೋದೆ. ಗಲ್ಲದ ಮೇಲೆ ಕೈಯಿಟ್ಟು ಕೂತಿದ್ದ ದೊಡ್ಡಪ್ಪ, ‘ಅದು ಹಂಗಲ್ಲ, ಇಲ್ಲೂ ಅರ್ಜಿ ಹಾಕಿದ್ಯಂತೆ?’ ಅಂದರು. ಯಾರು ಹೇಳಿದರೋ. ಕಚೇರಿಯ ಹೊರಗೆ ಮರದ ನೆರಳಲ್ಲಿ ಕೂತವರಲ್ಲಿ ಅರ್ಧ ಜನ ನಮ್ಮ ಮಂಡಿಯ ಗಿರಾಕಿಗಳು, ಇನ್ನರ್ಧ ನಮ್ಮ ನೆಂಟರು. ಅವರೆಲ್ಲರಿಗೂ ಸುದ್ದಿ ಮುಟ್ಟಿಸುವುದು ಬಿಟ್ಟು ಬೇರೆ ಕೆಲಸವಿಲ್ಲ.

ಸೂಚಿಯಲ್ಲಿ ಅಲ್ಲೂ ಹೆಸರಿರಲಿಲ್ಲ. ದೊಡ್ಡಪ್ಪ ಅಂದೇ ಕಲ್ಲಿಗೆ ಉಳಿ ಇಡಲು ಹೇಳಿದರು. ಆದರೆ ನನ್ನ ತಲೆಯಲ್ಲಿ ಒಂದು ಹುಳ ಬಿಟ್ಟಂತಾಗಿತ್ತು. ಬರೀ ಸೂಚಿ ನೋಡಲು ಹಾಕಿದ ಅರ್ಜಿ ನಾನು ಟೀ ಕುಡಿಯುವುದರೊಳಗೆ ಮನೆಗೆ ಮುಟ್ಟುತ್ತದೆ ಅಂದರೆ, ಈ ಊರಲ್ಲಿ ಕೂತು ಕೂಡಿಕೆಯವಳಿಗೆ ಏನಾದರೂ ಬರೆಸುವ ಗಂಡಸು ಯಾವನಿದ್ದಾನು? ಅಣ್ಣತಮ್ಮಂದಿರು ದೊಣ್ಣೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಉಯಿಲನ್ನು ಯಾವ ತಾಲ್ಲೂಕಿನಲ್ಲಾದರೂ ರಿಜಿಸ್ಟ್ರಿ ಮಾಡಿಸಬಹುದೆಂದು ಹೊನ್ನಾಳಿಯ ಬೆಂಚಿನ ಮೇಲೆ ಕೇಳಿದ್ದೆ. ಹಾಗಾದರೆ ಮುತ್ತಜ್ಜ, ಅಣ್ಣತಮ್ಮಂದಿರಿಗೆ ಅನುಮಾನ ಬಾರದಂತೆ, ಬೇರೆ ತಾಲ್ಲೂಕಿಗೆ ಹೋಗಿ ಎರಡು ದಿನ ಕೂತದ್ದು ಯಾವಾಗ?

ಮಗಳ ಮದುವೆಗೆ. ಜಗಳೂರಿಗೆ.

ನಾನು ಜಗಳೂರಿಗೆ ಹೋದಾಗ ಅಜ್ಜಿ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಸುತ್ತುಬಳಸಿ ಕೇಳಿದೆ. ಆಕೆ ಶೇಂಗಾ ಬಿಡಿಸುತ್ತಲೇ ಹೇಳಿದಳು: ‘ಹೂಂ. ಧಾರೆ ಆದ ಮರುದಿನ ನಮ್ಮಪ್ಪ, ನಮ್ಮ ಮಾವ ಇಬ್ರೂ ಬೆಳಿಗ್ಗೇನೇ ಎದ್ದು ರಿಜಿಸ್ಟ್ರಿ ಕಚೇರಿಗೆ ಹೋಗಿದ್ರು. ಬರುವಾಗ ನಮ್ಮಪ್ಪನ ಹೆಬ್ಬೆಟ್ಟು ಕಪ್ಪಗಿತ್ತು.’

‘ಅಜ್ಜಿ! ಇದನ್ನ ಮೊದ್ಲೇ ಹೇಳಾಕೇನಾಗಿತ್ತು?’

‘ನೀನು ಹೊನ್ನಾಳಿಯಾಗೆ ನಿನ್ ಕಣ್ಣಾರೆ ನೋಡೀನಿ ಅಂದ್ಯಲ್ಲಪ್ಪಾ. ಓದಿದ ಹುಡುಗ, ಸುಳ್ಳು ಹೇಳ್ತಾನಾ ಅಂತ ಸುಮ್ಕಿದ್ದೆ. ಹೊನ್ನಾಳಿಯಾಗೆ ಬಿಸ್ಲು ಜೋರಿತ್ತಾ?’

ಮುಖದಲ್ಲಿ ನಗುವಿನ ಗೆರೆಯೂ ಇಲ್ಲ. ಊರೆಲ್ಲರ ದನಿ ತೆಗೆಯುವ ನನಗೆ ಆ ದನಿ ಮಾತ್ರ ಇಂದಿಗೂ ತೆಗೆಯಲು ಬಂದಿಲ್ಲ. ಶೇಂಗಾ ಸಿಪ್ಪೆಯಂತೆ ನನ್ನನ್ನು ಬಿಡಿಸಿ ಪಕ್ಕಕ್ಕೆ ಎಸೆದಿದ್ದಳು.

ಆಕೆಯ ಮನೆಯಿಂದ ಎರಡು ಬೀದಿ ಆಚೆಗಿನ ಕಚೇರಿಯಲ್ಲಿ ಮುತ್ತಜ್ಜ ಸಿಕ್ಕ. ನಕಲು ಕೈಗೆ ಬಂದ ಮೇಲೆ ಅಲ್ಲೇ ನಿಂತು ಓದಿದೆ. ಓದಿ ಮುಗಿಸುವುದರೊಳಗೆ ನಗು ತಡೆಯಲಾಗದೆ ಹೊರಗೆ ಬಂದೆ. ಅಜ್ಜಿಗೆ ಓದಿ ಹೇಳುತ್ತೇನೆಂದರೆ ಬೇಡವೆಂದಳು. ‘ಇಲ್ಲಿ ಕೋಳಿ ಬಿಟ್ರೆ ಕೇಳೋರು ಯಾರದಾರೆ? ಅವನ ಮುಂದೆ ಓದು.’

ಗೃಹಪ್ರವೇಶಕ್ಕೆ ಮುಂಚಿನ ಭಾನುವಾರ. ಹೊಸ ಮನೆಯ ನಡುಮನೆಯಲ್ಲಿ ಕಲ್ಲು ಗೋಡೆಗೊರಗಿ ನಿಂತಿತ್ತು. ಆನೆಯೂ ಇತ್ತು, ಕುದುರೆಯೂ ಇತ್ತು, ಎರಡರ ನಡುವೆ ಆ ಹುರಿಮೀಸೆಯೂ ಇತ್ತು. ಮೂಲೆಯಲ್ಲಿ ‘ಧರ್ಮಪತ್ನಿ’ ಎಂದು ದೊಡ್ಡಪ್ಪನ ಅಜ್ಜಿಯ ಹೆಸರು. ಮನೆಯವರೆಲ್ಲ ಸೇರಿದ್ದರು. ನಾನು ಕಾಗದ ಬಿಚ್ಚಿ, ಅಭ್ಯಾಸಬಲದಿಂದ ತಲೆಗೆ ಟವಲು ಸುತ್ತಲು ಹೋದೆ.

‘ಟವಲ್ ಕೆಳಗಿಡು’ ಅಂದಳು ಅಜ್ಜಿ. ‘ಯಾರ ದನೀನೂ ಬ್ಯಾಡ. ಸುಮ್ಕೆ ಓದು.’

ಸುಮ್ಮನೆ ಓದಿದೆ. ನನ್ನ ಸ್ವಂತ ದನಿ ಇಷ್ಟು ತೆಳ್ಳಗಿದೆಯೆಂದು ನನಗೆ ಆವತ್ತೇ ಗೊತ್ತಾದದ್ದು.

ಉಯಿಲು ಚಿಕ್ಕದು. ‘ನಾನು ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಬರೆಸಿದ್ದು. ನನ್ನ ಹೆಂಡತಿಯನ್ನು ಆಕೆ ಬದುಕಿರುವವರೆಗೆ ನನ್ನ ಮಗನು ಮನೆಯಿಂದ ಹೊರಗೆ ಹಾಕತಕ್ಕದ್ದಲ್ಲ.’ ಇಲ್ಲಿ ಅಜ್ಜಿಯ ಅವ್ವನ ಹೆಸರು ಬಂತು. ಆ ಮನೆಯವರ ಮುಂದೆ ಆ ಹೆಸರನ್ನು ಯಾರಾದರೂ ಗಟ್ಟಿಯಾಗಿ ಅಂದದ್ದು ಅದೇ ಮೊದಲಿರಬೇಕು. ಅಜ್ಜಿ ಕಣ್ಣು ಮುಚ್ಚಿ, ‘ಇನ್ನೊಂದ್ಸಲ’ ಅಂದಳು. ಇನ್ನೊಂದು ಸಲ ಓದಿದೆ. ಅದರ ಮುಂದಿನ ಸಾಲಿಗೆ ನಾನು ಜಗಳೂರಿನಲ್ಲಿ ನಕ್ಕದ್ದು: ‘ನನಗೆ ಹಂದರದಲ್ಲಿ ಧಾರೆಯಾದದ್ದು ಎಕ್ಕದ ಗಿಡ ಒಂದೇ. ನನ್ನ ಮನೆ ತುಂಬಿದ ಇಬ್ಬರೂ ಕೂಡಿಕೆಯವರೇ. ಒಬ್ಬಳು ಹೆಚ್ಚು, ಒಬ್ಬಳು ಕಡಿಮೆ ಎಂದು ಯಾರೂ ತಕರಾರು ಮಾಡತಕ್ಕದ್ದಲ್ಲ.’

ವಯಸ್ಸಾದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕವರಿಗೆ ಬಿಡಿಸಿ ಹೇಳಬೇಕಾಯಿತು. ಮದುವೆಯಾಗದ ಗಂಡು ನೇರವಾಗಿ ವಿಧವೆಯನ್ನು ಕೂಡಿಕೆ ಮಾಡಿಕೊಳ್ಳುವಂತಿಲ್ಲ. ಮೊದಲು ಹಂದರ ಹಾಕಿಸಿ, ವಾಲಗ ಊದಿಸಿ, ಎಕ್ಕದ ಗಿಡಕ್ಕೆ ತಾಳಿ ಕಟ್ಟಬೇಕು. ಆಮೇಲೆ ಗಿಡ ಕಡಿದು ಹಾಕಿದರೆ ಹೆಂಡತಿ ಸತ್ತಂತೆ. ವಿಧುರನಾದವನು ಆಗ ವಿಧವೆಯನ್ನು ತರಬಹುದು. ಅಂದರೆ ಬಂಗಾರದ ಅಕ್ಷರದ ಆ ಧರ್ಮಪತ್ನಿ, ದೊಡ್ಡಪ್ಪನ ಸ್ವಂತ ಅಜ್ಜಿ, ನನ್ನ ಅಜ್ಜನನ್ನು ಹೆತ್ತವಳು, ಅವಳೂ ಕಟ್ಟೆಯ ಹತ್ತಿರ ಸೀರೆ ಉಟ್ಟು ಬಂದವಳೇ.

‘ಕೊನೇಗೆ ಸಹಿ ಐತೇನು?’ ದೊಡ್ಡಪ್ಪ ಕಾಗದದ ಕಡೆ ಬಗ್ಗಿದರು. ‘ಸಂಸ್ಕೃತದಾಗೆ ಮಾಡಿರ್ಬೇಕು.’

‘ಎಡಗೈ ಹೆಬ್ಬೆಟ್ಟಿನ ಗುರುತು ಅಂತೈತೆ ದೊಡ್ಡಪ್ಪ. ಯಾವ ಭಾಷೆದು ಅಂತ ಬರೆದಿಲ್ಲ.’

ಯಾರೋ ಕಿಸಕ್ಕೆಂದರು. ದೊಡ್ಡಪ್ಪ ಕಲ್ಲನ್ನು ನೋಡಿದರು, ಕಾಗದವನ್ನು ನೋಡಿದರು. ಎಲ್ಲರ ಮುಂದೆ ಕೊಟ್ಟ ಮಾತು ನೆನಪಿರಲಿಲ್ಲವೆಂದಲ್ಲ. ಸೋತ ವ್ಯಾಪಾರಿ ತಕ್ಕಡಿಯನ್ನು ಬೈಯುವಂತೆ ಅವರಿಗೆ ಕೊನೆಯ ದಾರಿಯೊಂದು ಹೊಳೆಯಿತು. ‘ಅದು ಹಂಗಲ್ಲ. ರೂಲ್ಸು ರೂಲ್ಸೇ. ಹಂದರದಾಗೆ ಧಾರೆ ಎರೆದ ಹೆಂಡ್ತಿ ಮಾತ್ರ ಅಂದೀನಿ, ಅಷ್ಟೆ. ಹಂಗಾರೆ ಇಬ್ರ ಹೆಸ್ರೂ ಬ್ಯಾಡ. ತೆಗೆಸಿಬಿಡ್ತೀನಿ.’ ಅತ್ತೆಯ ಅವ್ವನನ್ನು ಹೊರಗಿಡಲು ತನ್ನ ಸ್ವಂತ ಅಜ್ಜಿಯನ್ನೂ ಹೊರಗೆ ನೂಕಲು ತಯಾರಾದ ಆ ಮುಖವನ್ನು ನಾನು ಎಷ್ಟು ಸಲ ಅಣಕಿಸಿದರೂ ನಿಜದಷ್ಟು ಕೆಟ್ಟದಾಗಿ ಬರುವುದಿಲ್ಲ.

ಆ ಕಲ್ಲು ಈಗ ಹೊಸ ಮನೆಯ ಹಿತ್ತಲಲ್ಲಿದೆ. ಪಾಳೇಗಾರನ ಮುಖ ಮಣ್ಣಿಗೆ, ಬೆನ್ನಿನ ಮೇಲೆ ದೊಡ್ಡಮ್ಮ ಬಟ್ಟೆ ಒಗೆಯುತ್ತಾರೆ. ನಡುಮನೆಯಲ್ಲಿ ಬೇರೆ ಕಲ್ಲು ಬಂದಿದೆ. ಆನೆಯಿಲ್ಲ, ಮೇಲಿನ ಸಾಲಿನಲ್ಲಿ ಮುತ್ತಜ್ಜನ ಅಕ್ಕಪಕ್ಕ ಇಬ್ಬರೂ ಹೆಂಗಸರ ಹೆಸರು ಒಂದೇ ಅಳತೆಯ ಅಕ್ಷರದಲ್ಲಿದೆ. ಅಜ್ಜಿ ಅದರ ಮುಂದೆ ನಿಂತು ತನ್ನ ಅವ್ವನ ಹೆಸರಿನ ಮೇಲೆ ಬೆರಳಾಡಿಸಿ, ಊಟಕ್ಕೂ ನಿಲ್ಲದೆ ಜಗಳೂರು ಬಸ್ಸು ಹತ್ತಿದಳು. ದೊಡ್ಡಪ್ಪನೋ, ಈಗ ಮಂಡಿಗೆ ಬಂದ ರೈತರಿಗೆ ‘ಅದು ಹಂಗಲ್ಲ, ನಮ್ಮಜ್ಜ ಆ ಕಾಲದಾಗೇ ವಿಧವೆಯರಿಗೆ ಬಾಳು ಕೊಟ್ಟ ಸುಧಾರಕ’ ಎಂದು ಭಾಷಣ ಮಾಡುತ್ತಾರೆ. ನಾನು ಲೆಕ್ಕ ಬರೆಯುತ್ತ ಕೇಳಿಸಿಕೊಳ್ಳುತ್ತೇನೆ, ಸಂಬಳ ಅವರದೇ ತಾನೆ.

ಸುಧಾರಕನ ಮೊಮ್ಮಗ ಹೀಗೆ ಸುಧಾರಿಸಿದ್ದು ಉಯಿಲಿನಿಂದಲ್ಲ. ಆವತ್ತು ‘ಇಬ್ರ ಹೆಸ್ರೂ ಬ್ಯಾಡ’ ಎಂದು ಅವರು ಬಾಯಿ ಮುಚ್ಚುವುದರೊಳಗೆ ಅಜ್ಜಿ ಸೆರಗು ಸರಿಮಾಡಿಕೊಂಡು, ಬಹಳ ಮೆಲ್ಲಗೆ ಹೇಳಿದ್ದಳು:

‘ಆಗ್ಲೇಳಪ್ಪಾ. ಹಂದರದ ಹೆಂಡ್ತೀನೇ ಬೇಕು ಅಂದ್ರೆ ಆ ಎಕ್ಕದ ಗಿಡಾನೇ ಕೆತ್ತಿಸು. ಅದನ್ನ ಮುರಿದ್ರೂ ಹಾಲು ಬರ್ತೈತೆ. ನಿಮ್ಮಪ್ಪ ಅದನ್ನೇ ಕುಡಿದು ಬೆಳೆದ ಅಂತ ಕೆಳಗೆ ಬರೆಸು.’